ಬಾಡಿಗೆಯ ಮನೆಯೂ ಸಾಕಿದ ನಾಯಿಯೂ

ಪಟ್ಟಣದಲ್ಲಿ ಬಾಡಿಗೆಗೆ ಮನೆ ಸಿಕ್ಕುವುದು ಕಷ್ಟವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ನಾಯಿಯೊಂದನ್ನು ಜೊತೆಗಿಟ್ಟುಕೊಂಡು, ಅದೂ ಬಡವರ ಕೈಗೆ ಎಟುಕುವ ಬಾಡಿಗೆಯಲ್ಲಿ, ಮನೆ ಹುಡುಕುವುದು ಎಂತಹ ಕೆಲಸವೆಂಬುದನ್ನು ಬಲ್ಲವರು ನಮ್ಮ ಕಾಲೇಜಿನಲ್ಲಿ ಹೆಚ್ಚು ಮಂದಿ ಇರಲಾರರೆಂದು ಭಾವಿಸಿ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ. ಸಂಚಿಕೆಯ ಸಂಪಾದಕರಾದ ಅಧ್ಯಾಪಕರು, ‘ಕಥೆ ಕವನಗಳು ಬೇಕಾದಷ್ಟು ಬಂದಿವೆ, ಏನಾದರೂ ಅಭ್ಯಾಸ ಮಾಡಿ ಬರೆದುದನ್ನು ಕೊಡು’ ಎಂದರು. ಈ ವರ್ಷ ನಾನು ನಿಜವಾಗಿ ಅಭ್ಯಾಸ ಮಾಡಿದ ವಿಷಯ ಇದೊಂದೇ. ಇತಿಹಾಸ, ಅರ್ಥಶಾಸ್ತ್ರಗಳ ಪಾಠಗಳನ್ನೂ ಓದಿದ್ದೇನೆ, ಗುರುಗಳು ತಪ್ಪು ತಿಳಿಯಬಾರದು. ಆದರೆ ಕಾಲು ಸವೆಸಿ ಕಲಿತದ್ದು ಇದು.

ಮೊದಲು ನಮ್ಮ ಸಂಸಾರದ ಸ್ಥಿತಿಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ತಂದೆ ಇಲ್ಲ. ಅವ್ವ ಬೆಂಗಳೂರಿನ ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸಕ್ಕಿದ್ದಾಳೆ. ಮೊನ್ನೆ ಮೊನ್ನೆಯವರೆಗೆ ಜೊತೆಯ ಹೆಂಗಸರ ಸಂಗಡ ಒಂದು ಕೋಣೆಯಲ್ಲಿದ್ದಳು. ನಾನು ವಿದ್ಯಾರ್ಥಿನಿಲಯದಲ್ಲಿದ್ದೆ. ತಮ್ಮ ಊರಿನಲ್ಲಿ ಅಜ್ಜಿಯ ಬಳಿ ಇದ್ದು ಹೈಸ್ಕೂಲಿಗೆ ಹೋಗುತ್ತಿದ್ದ. 2025ರ ಮಾಘ ಮಾಸದಲ್ಲಿ ಅಜ್ಜಿ ತೀರಿಕೊಂಡರು. ಅಲ್ಲಿಗೆ ಊರಿನಲ್ಲಿ ತಮ್ಮನಿಗೆ ಅನ್ನ ಹಾಕುವವರಿಲ್ಲ. ಜೂನ್ ತಿಂಗಳಿಗೆ ಅವನು ಹತ್ತನೆಯ ತರಗತಿ. ಆದಕಾರಣ ಬೆಂಗಳೂರಿನಲ್ಲಿ ಒಂದು ಮನೆ ಹಿಡಿದು ಮೂವರೂ ಒಟ್ಟಿಗೆ ಇರತಕ್ಕದ್ದೆಂದು ನಿಶ್ಚಯವಾಯಿತು. ಆಗ ತಮ್ಮ ಎತ್ತಿದ ಪ್ರಶ್ನೆ ಒಂದೇ: ‘ಕೆಂಚ?’

ಕೆಂಚನೆಂಬುದು ಅಜ್ಜಿ ಸಾಕಿದ ನಾಯಿ. ಆರು ವರ್ಷದ್ದು, ಮೈ ಬಣ್ಣದಿಂದ ಬಂದ ಹೆಸರು. ಅಜ್ಜಿ ಹೋದ ಮೇಲೆ ಅದು ಪಕ್ಕದಲ್ಲೇ ಇದ್ದ ಚಿಕ್ಕಪ್ಪನ ಪಾಲಿಗೆ ಬಂದಿತ್ತು. ಚಿಕ್ಕಪ್ಪ ಕೆಟ್ಟವರಲ್ಲ. ಆದರೆ ಒಂದು ತಿಂಗಳೊಳಗೆ ಕೆಂಚ ಅವರ ಎರಡು ಕೋಳಿಗಳನ್ನು ಹಿಡಿದು ಮುಗಿಸಿತು. ‘ಕರ್ಕೊಂಡು ಹೋಗಿ, ಇಲ್ದಿದ್ರೆ ಹೆದ್ದಾರಿ ಆಚೆ ಎಲ್ಲಾದ್ರೂ ಬಿಟ್ಬತ್ತೀನಿ’ ಎಂದು ಫೋನು ಬಂತು. ತಮ್ಮ, ನಾಯಿ ಬಾರದಿದ್ದರೆ ತಾನೂ ಬಾರೆನೆಂದು ಕುಳಿತ. ಅವ್ವ ಮೊದಲು ಬೈದಳು, ಆಮೇಲೆ ಸುಮ್ಮನಾದಳು. ಅತ್ತೆ ತನ್ನ ಕೊನೆಯ ದಿನಗಳಲ್ಲಿ ಗಂಜಿಯ ಬಟ್ಟಲಿನಲ್ಲಿ ಅರ್ಧ ಉಳಿಸಿ ಆ ನಾಯಿಗೆ ಕೊಡುತ್ತಿದ್ದುದನ್ನು ಅವಳು ಕಂಡಿದ್ದಳು.

ನಮ್ಮ ಲೆಕ್ಕ ಹೀಗಿತ್ತು. ಅವ್ವನ ಕೈಗೆ ಬರುವ ಸಂಬಳ 12,500 ರೂಪಾಯಿ; ಸಂಜೆ ಮಕ್ಕಳಿಗೆ ಪಾಠ ಹೇಳಿ ನಾನು ತರುವುದು 3,000. ಇದರಲ್ಲಿ 6,000ಕ್ಕೆ ಮೇಲ್ಪಟ್ಟು ಬಾಡಿಗೆ ಕೊಡುವಂತಿಲ್ಲ. ಅಡ್ವಾನ್ಸಿಗೆ ಅಜ್ಜಿಯ ಓಲೆಯನ್ನು ಅಡವಿಟ್ಟು 25,000, ಅವ್ವನ ಚೀಟಿಯ ಹಣ 15,000, ಅಂತೂ 40,000. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇರಿಸಿಕೊಳ್ಳುವುದು ಬಹುಕಾಲದ ವಾಡಿಕೆ. ಆ ವಾಡಿಕೆಯಂತೆ ನೋಡಿದರೆ ನಮ್ಮ ಯೋಗ್ಯತೆ 4,000 ರೂಪಾಯಿಯ ಮನೆಗೆ ಮಾತ್ರ. ಅಂತಹ ಮನೆ ನಾವು ಹುಡುಕಿದ ಕಡೆ ಕಣ್ಣಿಗೆ ಬೀಳಲಿಲ್ಲ. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದಿದೆ. ಆದರೆ ಮಾದರಿಯೆಂದರೆ ಮಾದರಿಯೇ. ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಟು-ಲೆಟ್ ಬೋರ್ಡಿನ ಕೆಳಗೆ ನಿಂತು ಮಾದರಿ ಕಾಯಿದೆಯ ಮಾತನ್ನೆತ್ತುವ ಧೈರ್ಯ ನನಗಂತೂ ಬರಲಿಲ್ಲ.

ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಏಳು ಭಾನುವಾರಗಳಲ್ಲಿ ನಾನೂ ಅವ್ವನೂ ಒಟ್ಟು 23 ಮನೆಗಳನ್ನು ನೋಡಿದೆವು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಕೊಡುವಷ್ಟು ಅನುಕೂಲ ಇಲ್ಲದ್ದರಿಂದ ಬೋರ್ಡು ನೋಡಿ ಫೋನು ಮಾಡುವುದೇ ನಮ್ಮ ದಾರಿ. ಅರ್ಥಶಾಸ್ತ್ರದ ತರಗತಿಯಲ್ಲಿ ಕ್ಷೇತ್ರಕಾರ್ಯಕ್ಕೆ ನೋಟುಬುಕ್ಕು ಇಡಬೇಕೆಂದು ಹೇಳಿಕೊಟ್ಟದ್ದು ನೆನಪಾಗಿ, ಪ್ರತಿ ಮನೆಯ ಬಾಡಿಗೆ, ಅಡ್ವಾನ್ಸು, ನೀರು, ಮಾಲೀಕರು ಹೇಳಿದ ಮಾತು ಎಲ್ಲವನ್ನೂ ಬರೆದಿಟ್ಟೆ. 23ರಲ್ಲಿ 6 ಮನೆಗಳವರು 70,000ದಿಂದ ಒಂದು ಲಕ್ಷದವರೆಗೆ ಅಡ್ವಾನ್ಸು ಕೇಳಿದುದರಿಂದ ನಾಯಿಯ ಮಾತೇ ಬರಲಿಲ್ಲ. 11 ಮನೆಗಳವರು ನಾಯಿ ಎಂದೊಡನೆ ಕೈಯಾಡಿಸಿದರು. 3 ಮನೆಗಳವರು ತಾರಸಿಯ ಮೇಲೆ ಕಟ್ಟಿಹಾಕುವುದಾದರೆ ಆಗಬಹುದೆಂದರು. ಮೇ ತಿಂಗಳ ಬಿಸಿಲಿಗೆ ಆ ಸಿಮೆಂಟಿನ ಮೇಲೆ ನಾವೇ ಬರಿಗಾಲಿನಲ್ಲಿ ನಿಲ್ಲಲಾಗಲಿಲ್ಲ.

ಇನ್ನಿಬ್ಬರು ಮಾಲೀಕರು ನಾಯಿಯ ಮಾತಿಗೆ ಮುನ್ನವೇ ‘ನೀವು ಯಾವ ಜನ?’ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮನೆ ನಿನ್ನೆಯೇ ಹೋಯಿತೆಂದರು. ಮುಂದಿನ ಭಾನುವಾರವೂ ಬೋರ್ಡು ಅಲ್ಲಿಯೇ ತೂಗುತ್ತಿತ್ತು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಲೆಕ್ಕ ಸರಿಹೋಗಬೇಕಲ್ಲ, ಬರೆದಿದ್ದೇನೆ. ಮತ್ತೊಂದು ಮನೆಯಲ್ಲಿ ಯಜಮಾನರು, ‘ಜಾತಿ ನಾಯೀನೋ ಬೀದಿ ನಾಯೀನೋ? ಜಾತಿ ನಾಯಿಯಾದ್ರೆ ಯೋಚನೆ ಮಾಡ್ಬೋದು, ನೀಟಾಗಿರುತ್ತೆ’ ಎಂದರು. ಅವ್ವ, ‘ನಮ್ದೇ ಜಾತಿ ಸ್ವಾಮಿ’ ಎಂದಳು. ಅವರಿಗೆ ಅರ್ಥವಾಗಲಿಲ್ಲವೆಂದು ತೋರುತ್ತದೆ. ಮೆಟ್ಟಿಲಿಳಿದು ಬಂದ ಮೇಲೆ ಅವ್ವ ಬಹಳ ಹೊತ್ತು ನಕ್ಕಳು. ನನಗೆ ನಗು ಬರಲಿಲ್ಲ.

ನಾಯಿಯನ್ನು ಬೇಡವೆನ್ನುವ ಮಾಲೀಕರೆಲ್ಲರೂ ನಿರ್ದಯರೆಂದು ಮೊದಲ ಎರಡು ಭಾನುವಾರ ನಾನು ತಿಳಿದಿದ್ದೆ. ಅದು ಸರಿಯಲ್ಲವೆಂದು ನಿಧಾನವಾಗಿ ಮನವರಿಕೆಯಾಯಿತು. ನಾವು ಕಂಡ ಮಾಲೀಕರು ಶ್ರೀಮಂತರಲ್ಲ. ಇಪ್ಪತ್ತು ಅಡಿಗೆ ಮೂವತ್ತಡಿಯ ಸೈಟು. ಅದರ ಮೇಲೆ ಸಾಲ ಮಾಡಿ ಮೂರೋ ನಾಲ್ಕೋ ಮಹಡಿ. ಒಂದರಲ್ಲಿ ತಾವು, ಉಳಿದವುಗಳಲ್ಲಿ ಬಾಡಿಗೆಯವರು. ಒಂದೇ ಮೆಟ್ಟಿಲು, ಒಂದೇ ಸಂಪು, ಗೋಡೆಗೆ ಗೋಡೆ. ಇಂತಹ ಕಟ್ಟಡದಲ್ಲಿ ಒಂದು ನಾಯಿ ರಾತ್ರಿ ಬೊಗಳಿದರೆ ಐದು ಸಂಸಾರಗಳಿಗೆ ಕೇಳುತ್ತದೆ. ಇಷ್ಟನ್ನು ಯಾರೂ ಊಹಿಸಬಹುದು. ನನಗೆ ಗೊತ್ತಿರದಿದ್ದುದನ್ನು ಹೇಳಿದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಅವರು ನಮ್ಮನ್ನು ಕೂರಿಸಿ ನೀರು ಕೊಟ್ಟು ಹೇಳಿದರು: ‘ನೋಡಮ್ಮಾ, ನನಗೆ ನಾಯಿ ಅಂದ್ರೆ ಇಷ್ಟಾನೇ. ಆದ್ರೆ ನಿಮ್ಮ ನಾಯಿ ಕಾಟಕ್ಕೆ ಮೇಲಿನ ಮನೆಯವ್ರು ಖಾಲಿ ಮಾಡ್ತೀವಿ ಅಂದ್ರೆ ಅವರ ಅಡ್ವಾನ್ಸು ಎಲ್ಲಿಂದ ತಂದು ಕೊಡ್ಲಿ? ಅದು ಈ ಮೋಲ್ಡಿಂಗಲ್ಲಿ ಹೋಗಿದೆ.’

ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆಯ ಬೇರಿದೆಯೆಂದು ನನ್ನ ಅಭಿಪ್ರಾಯ. ಹತ್ತು ತಿಂಗಳ ಅಡ್ವಾನ್ಸು ಮಾಲೀಕನ ಪೆಟ್ಟಿಗೆಯಲ್ಲಿ ಕುಳಿತಿರುವುದಿಲ್ಲ. ಅದು ಕಬ್ಬಿಣ, ಸಿಮೆಂಟುಗಳಾಗಿ ಕಟ್ಟಡದೊಳಗೆ ಸೇರಿರುತ್ತದೆ. ಹೋಗುವವನಿಗೆ ಕೊಡುವುದು ಬರುವವನಿಂದ ಪಡೆದು. ನಡುವೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಬಾಡಿಗೆಯೂ ಇಲ್ಲ, ಹಿಂದಿರುಗಿಸಲು ಹಣವೂ ಇಲ್ಲ. ಆದುದರಿಂದ ಮಾಲೀಕನು ನಾಯಿಗೆ ಹೆದರುವುದಿಲ್ಲ, ಬಾಡಿಗೆಯವನು ಎದ್ದುಹೋಗುವುದಕ್ಕೆ ಹೆದರುತ್ತಾನೆ. ಬಾಡಿಗೆಯವರನ್ನು ಕಟ್ಟಿಹಾಕಲು ಹುಟ್ಟಿದ ಅಡ್ವಾನ್ಸು ಮಾಲೀಕನನ್ನೂ ಕಟ್ಟಿಹಾಕಿದೆ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಹೇಗೂ ಉಂಟು. ಬಾಗಿಲನ್ನು ನಾಯಿ ಕೆರೆದರೆ ಅದರಲ್ಲಿ ತುಂಬಿಕೊಳ್ಳಬಹುದು. ತುಂಬಲಾಗದ ನಷ್ಟ ನೆರೆಯವರದು.

ಇನ್ನು ಮಕ್ಕಳಿರುವ ಮನೆಯವರ ಭಯ. ಅದನ್ನು ಹಗುರವಾಗಿ ಕಾಣಬಾರದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಚುಚ್ಚುಮದ್ದಿನಿಂದ ಅದನ್ನು ಪೂರ್ಣವಾಗಿ ತಡೆಯಬಹುದು. ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೆಂಚನಿಗೆ ಚುಚ್ಚುಮದ್ದು ಹಾಕಿಸಿ, ಸಂತಾನಶಕ್ತಿ ಹರಣದ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ, ವೈದ್ಯರ ಸಹಿ ಇರುವ ಪುಸ್ತಕವನ್ನು ತಂದೆವು. ಇದನ್ನು ಮೊದಲ ಭಾನುವಾರಕ್ಕೇ ಮಾಡಬೇಕಿತ್ತು. ನಮಗೆ ಹೊಳೆದದ್ದು ನಾಲ್ಕನೆಯ ವಾರ. ಪುಸ್ತಕವನ್ನು ತೋರಿಸತೊಡಗಿದ ಮೇಲೆ ಮಾಲೀಕರು ಒಪ್ಪಿದರೆಂದಲ್ಲ, ಆದರೆ ಬಾಗಿಲಲ್ಲಿ ನಿಂತು ಇನ್ನೆರಡು ಮಾತು ಆಡತೊಡಗಿದರು.

ಕಾನೂನು ಏನೆನ್ನುತ್ತದೆ? ಗ್ರಂಥಾಲಯದಲ್ಲಿ ಕುಳಿತು ಇದನ್ನೂ ನೋಡಿದೆ. ಸಂವಿಧಾನಕ್ಕೆ 1976ರ 42ನೆಯ ತಿದ್ದುಪಡಿಯಿಂದ ಸೇರಿದ 51ಎ ವಿಧಿಯ (ಜಿ) ಖಂಡದಲ್ಲಿ ಜೀವಿಗಳ ವಿಷಯದಲ್ಲಿ ಅನುಕಂಪವಿರತಕ್ಕದ್ದು ನಾಗರಿಕರ ಕರ್ತವ್ಯವೆಂದಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ವಸತಿ ಸಂಘಗಳು ಬಹುಮತದಿಂದ ಕೂಡ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಲ್ಲಿ ಬರಬಾರದೆನ್ನುವಂತಿಲ್ಲ ಎಂದು ಹೇಳಿದೆ. ಕೇರಳದ ಹೈಕೋರ್ಟು 2021ರಲ್ಲಿ ಅಂತಹ ನಿಷೇಧದ ಷರತ್ತುಗಳು ಸಲ್ಲವೆಂದು ತೀರ್ಪಿತ್ತಿತು. ಓದಿ ಸಂತೋಷಪಟ್ಟೆ. ಆಮೇಲೆ ಮತ್ತೊಮ್ಮೆ ಓದಿದಾಗ ತಿಳಿಯಿತು: ಇವೆಲ್ಲ ಮನೆಯೊಳಗೆ ಆಗಲೇ ಇರುವವರಿಗೆ ಆಸರೆ, ಹೊರಗೆ ಬೋರ್ಡಿನ ಕೆಳಗೆ ನಿಂತವರಿಗಲ್ಲ. ನಾಯಿಯುಳ್ಳವರಿಗೆ ಮನೆ ಕೊಡಲೇಬೇಕೆಂದು ಮಾಲೀಕನನ್ನು ಕಟ್ಟುಪಡಿಸುವ ವಿಧಿ ನನಗೆ ಎಲ್ಲಿಯೂ ಕಾಣಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 2001ರ ಕೊನೆಗೆ ಜಾರಿಗೆ ಬಂದ ನಮ್ಮ ರಾಜ್ಯದ ಬಾಡಿಗೆ ಕಾಯಿದೆಯು ಬೆಂಗಳೂರಿನಂತಹ ಪಟ್ಟಣದಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದಂತೆ ರಚಿತವಾಯಿತು. ನಮ್ಮಂತಹವರ 6,000ದ ಮನೆ ಕೂಡ ಆ ಗೆರೆಯ ಆಚೆಗೆ ಬಿತ್ತು! ಅಲ್ಲದೆ ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ ಎಲ್ಲರೂ 11 ತಿಂಗಳ ಕರಾರನ್ನೇ ಬರೆಯುತ್ತಾರೆ. ಹೀಗಾಗಿ ನಾಯಿಯನ್ನು ಒಮ್ಮೆ ಒಪ್ಪಿಕೊಂಡವರು ಹನ್ನೊಂದು ತಿಂಗಳಿಗೆ ಮತ್ತೆ ಒಪ್ಪಬೇಕು.

ಇನ್ನು ಚಿಕ್ಕಪ್ಪ ಹೇಳಿದ ಉಪಾಯ, ಎಂದರೆ ದಾರಿಯಲ್ಲಿ ಬಿಟ್ಟುಬರುವುದು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಂತೆ ಅಪರಾಧ. ಮೊದಲ ಸಲದ ತಪ್ಪಿಗೆ ಅಲ್ಲಿ ಹೇಳಿರುವ ದಂಡ 10 ರೂಪಾಯಿಯಿಂದ 50 ರೂಪಾಯಿಯವರೆಗೆ. ಐವತ್ತು ರೂಪಾಯಿಗೆ ನಮ್ಮ ಕಾಲೇಜಿನ ಎದುರು ಎರಡು ಕಾಫಿ ಬರುತ್ತದೆ.

ಇತಿಹಾಸದ ವಿದ್ಯಾರ್ಥಿನಿಯಾದುದರಿಂದ ಇಲ್ಲೊಂದು ಮಾತನ್ನು ಸೇರಿಸದಿರಲಾರೆ. ಪ್ರಕೃತಕ್ಕೆ ದೂರವಾದರೆ ಕ್ಷಮಿಸಬೇಕು. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ವಿಷಯ ಅದರಲ್ಲಿರುವುದರಿಂದ ಅದು ಪಠ್ಯಪುಸ್ತಕಗಳಿಗೆ ಬಂದಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ, ಅವನು ಊರನ್ನೋ ಹೊನ್ನನ್ನೋ ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿದ. ಆ ನಾಯಿ ಒಂದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷಕ್ಕೂ ಹಿಂದೆ ನಮ್ಮ ತಾಲ್ಲೂಕಿನಲ್ಲಿ ಒಂದು ನಾಯಿಗೆ ಸತ್ತ ಮೇಲೆ ಗದ್ದೆ ಸಿಕ್ಕಿತು. ಅದೇ ತಾಲ್ಲೂಕಿನ ಬದುಕಿರುವ ನಾಯಿಗೆ ಬೆಂಗಳೂರಿನಲ್ಲಿ ಮಲಗಲು ನಾಲ್ಕಡಿ ಜಾಗಕ್ಕಾಗಿ ನಾವು ಏಳು ವಾರ ಅಲೆದೆವು. ಮಹಾಭಾರತದ ಕೊನೆಯಲ್ಲಿ ನಾಯಿಯನ್ನು ಬಿಟ್ಟು ಬಾ ಎಂದು ಧರ್ಮರಾಯನಿಗೆ ಇಂದ್ರನು ಹೇಳುವ ಪ್ರಸಂಗವನ್ನು ತಮ್ಮನಿಗೆ ಹೇಳಿದಾಗ, ‘ಇಂದ್ರನೂ ಓನರ್ರೇ ಬಿಡು’ ಎಂದ.

ಹುಡುಕುವ ರೀತಿಯಲ್ಲಿ ನಾವು ಮಾಡಿದ ಮುಖ್ಯವಾದ ತಪ್ಪು ಬಡಾವಣೆಗಳನ್ನೇ ಸುತ್ತಿದ್ದು. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬಂದಿತು. ನಿಲ್ದಾಣಕ್ಕೆ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ, ಮಹಡಿಗಳೂ ಏರುತ್ತವೆ, ನಾಯಿಗೆ ಎಡೆ ಕಿರಿದಾಗುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿರುವಾಗ ಅವ್ವನೂ ನಾನೂ ಮೆಟ್ರೋವಿನ ಬುಡದಲ್ಲಿ ಮನೆ ಹುಡುಕಬೇಕಾದ ಕಾರಣವೇ ಇರಲಿಲ್ಲ. ದೂರ ಹೋದರೆ ಕಳೆಯುವುದು ಹೊತ್ತು, ಹಣವಲ್ಲ. ಈ ಸರಳವಾದ ಲೆಕ್ಕ ಅರ್ಥಶಾಸ್ತ್ರದ ವಿದ್ಯಾರ್ಥಿನಿಗೆ ಹೊಳೆಯಲಿಲ್ಲ. ಆರನೆಯ ಭಾನುವಾರ ಬಸ್ಸಿನಲ್ಲಿ ಅವ್ವ ಹೇಳಿದಳು.

ಬೆಂಗಳೂರು ಬೆಳೆದಿರುವುದು ಹಳ್ಳಿಗಳನ್ನು ನುಂಗುತ್ತ. ಹೊಲಗಳು ಸೈಟುಗಳಾದರೂ ನಡುವೆ ಹಳೆಯ ಊರು, ಎಂದರೆ ಗ್ರಾಮಠಾಣ, ಗುಡಿ, ಅರಳಿಕಟ್ಟೆ, ದನದ ಕೊಟ್ಟಿಗೆಗಳೊಡನೆ ಉಳಿದುಕೊಂಡಿರುತ್ತದೆ. ಅಲ್ಲಿನ ಓಣಿಗಳು ಇಕ್ಕಟ್ಟು, ಮನೆಗಳಿಗೆ ಶೀಟಿನ ಮಾಡು, ಬೋರ್ಡು ಕೂಡ ನೇತುಹಾಕಿರುವುದಿಲ್ಲ, ಅಂಗಡಿಯಲ್ಲಿ ಕೇಳಬೇಕು. ಆದರೆ ಅಲ್ಲಿ ನಾಯಿಯೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕೆಂಗೇರಿಯಿಂದ ಆಚೆಗೆ ಅಂತಹ ಒಂದು ಊರಿನಲ್ಲಿ, ಏಳನೆಯ ಭಾನುವಾರ, ಹಾಲು ಕರೆದು ಮಾರುವ ಒಬ್ಬ ಅಜ್ಜಿಯ ಹಿತ್ತಿಲ ಮನೆ ಖಾಲಿ ಇದೆಯೆಂದು ಕಿರಾಣಿ ಅಂಗಡಿಯವರು ಹೇಳಿದರು. ಅದು ನೋಟುಬುಕ್ಕಿನ 23ನೆಯ ಮನೆ.

ಅಷ್ಟು ಹೊತ್ತಿಗೆ ನಾನೊಂದು ಪಾಠ ಕಲಿತಿದ್ದೆ: ನಾಯಿಯ ಸಂಗತಿಯನ್ನು ಮೊದಲೇ ಹೇಳಿಬಿಡುವುದು. ಮುಚ್ಚಿಟ್ಟು ಮನೆ ಸೇರಿದವರ ಕಥೆಗಳನ್ನು ಅವ್ವನ ಗೆಳತಿಯರಿಂದ ಕೇಳಿದ್ದೆವು. ಎಲ್ಲವೂ ಎರಡನೆಯ ತಿಂಗಳಿಗೆ ಸಾಮಾನು ಕಟ್ಟುವಲ್ಲಿ ಮುಗಿಯುತ್ತಿದ್ದವು. ‘ಅಜ್ಜಿ, ನಮ್ಮತ್ರ ಒಂದು ನಾಯಿ ಐತೆ’ ಎಂದೆ.

‘ಹಸ ಕಂಡ್ರೆ ಮೇಲ್ ಬೀಳ್ತದಾ?’

‘ಇಲ್ಲ ಅಜ್ಜಿ, ಹಸಿನ ಜೊತೇಲೇ ಬೆಳ್ದಿರೋದು. ಕೋಳಿ ಮಾತ್ರ ಹಿಡೀತದೆ.’

ಅವ್ವ ನನ್ನ ತೋಳನ್ನು ಚಿವುಟಿದಳು. ಅಜ್ಜಿ, ‘ನಾನು ಕೋಳಿ ಸಾಕಿಲ್ಲ. ಪಕ್ಕದೋಳು ಸಾಕವಳೆ, ಅವ್ಳ ಕೋಳಿ ನನ್ನ ಹೂವಿನ ಗಿಡ ಕೆರೀತಾವೆ. ಕರ್ಕೊಂಡ್ ಬಾ, ನೋಡವ’ ಎಂದರು.

ಮದ್ದೂರಿನಿಂದ ಎಳನೀರು ತರುವ ಟೆಂಪೋದಲ್ಲಿ ತಮ್ಮನೂ ಕೆಂಚನೂ ಬಂದರು. ಅಜ್ಜಿ ನಾಯಿಯನ್ನು ಕಟ್ಟಿಹಾಕಿಸಿ, ಹಸುಗಳನ್ನು ಅದರ ಮುಂದೆ ಎರಡು ಸಲ ಓಡಾಡಿಸಿ ಪರೀಕ್ಷೆ ಮಾಡಿದರು. ಬಾಡಿಗೆ 6,000, ಅಡ್ವಾನ್ಸು 40,000ಕ್ಕೆ ಒಪ್ಪಿಗೆಯಾಯಿತು. ಕರಾರುಪತ್ರದಲ್ಲಿ, ಒಂದು ಸಾಕುನಾಯಿಯನ್ನು ಇಟ್ಟುಕೊಳ್ಳಲು ಮಾಲೀಕರ ಸಮ್ಮತಿಯಿದೆ, ಅದರಿಂದಾದ ಹಾನಿಯನ್ನು ಬಾಡಿಗೆದಾರರು ತುಂಬಿಕೊಡತಕ್ಕದ್ದು ಎಂದು ನಾನೇ ಒಂದು ಸಾಲು ಸೇರಿಸಿದೆ. ಬರೆದುಕೊಡುವ ಅಂಗಡಿಯವರು ಇಂತಹ ಸಾಲನ್ನು ಎಂದೂ ಟೈಪು ಮಾಡಿಲ್ಲವೆಂದರು. ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು ಆ ಸಾಲನ್ನು ಎರಡು ಸಲ ಓದಿಸಿ ಕೇಳಿದರು. ಅವ್ವನೂ ಹೆಬ್ಬೆಟ್ಟೇ. ಸಾಕ್ಷಿಯ ಸ್ಥಳದಲ್ಲಿ ನನ್ನ ರುಜು. ನಮ್ಮ ಮನೆತನದಲ್ಲಿ ಮನೆಯ ಕಾಗದಕ್ಕೆ ಬಿದ್ದ ಮೊದಲ ರುಜು ಅದು.

ಮನೆಗೆ ಕುಂದುಗಳಿಲ್ಲದೆ ಇಲ್ಲ. ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ ಕುಳಿತು ಓದಲಾಗುವುದಿಲ್ಲ. ಮಳೆ ಬಂದರೆ ಪಾಠ ಕೇಳಿಸುವುದಿಲ್ಲ. ನೀರು ದಿನ ಬಿಟ್ಟು ದಿನ. ಕಾಲೇಜಿಗೆ ಎರಡು ಬಸ್ಸು. ಕೆಂಚ ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ಒಂದು ಹುಂಜವನ್ನು ಹಿಡಿಯಿತು. ಕರಾರಿನ ಸಾಲಿನಂತೆ 600 ರೂಪಾಯಿ ತೆತ್ತೆವು, ಅಜ್ಜಿ ಒಳಗೊಳಗೆ ನಕ್ಕರು. ಅಂದಿನಿಂದ ಹಗಲು ಸರಪಳಿ, ಬೆಳಗಿನ ಐದಕ್ಕೂ ರಾತ್ರಿ ಒಂಬತ್ತಕ್ಕೂ ತಮ್ಮನೊಡನೆ ತಿರುಗಾಟ. ತಮ್ಮ ಆ ಐದು ಗಂಟೆಗೆ ಎದ್ದವನು ಮತ್ತೆ ಮಲಗದೆ ಓದುತ್ತಿದ್ದಾನೆ. ಈ ಲಾಭವನ್ನು ನಾವು ಲೆಕ್ಕದಲ್ಲಿ ಹಿಡಿದಿರಲಿಲ್ಲ.

ಅಜ್ಜಿಯ ಮಗ ಪೇಟೆಯೊಳಗೆ ಬೇರೆ ಇದ್ದಾರೆ. ದೀಪಾವಳಿಗೆ ಬಂದವರು ಹಿತ್ತಿಲನ್ನು ಹಗ್ಗ ಹಿಡಿದು ಅಳೆದರು. ಮೂರು ಮಹಡಿ ಎತ್ತಿದರೆ ತಿಂಗಳಿಗೆ ಎಷ್ಟು ಬರುತ್ತದೆಂಬ ಮಾತು ಕೇಳಿಸಿತು. ಅಜ್ಜಿ, ತಾನಿರುವವರೆಗೆ ಹಸು ಕದಲುವುದಿಲ್ಲವೆಂದು ಗದರಿದರು. ಕರಾರಿನ ಹನ್ನೊಂದು ತಿಂಗಳು 2026ರ ಜೂನ್ ಮೊದಲ ವಾರಕ್ಕೆ ತುಂಬುತ್ತದೆ. ಮಗ ಆಗ ಬಂದು ಹೇಳುತ್ತೇನೆಂದಿದ್ದಾರೆ.